ನಮ್ಮ ಸಂಘದ ಅಧ್ಯಕ್ಷ ಸ್ಥಾನದಿಂದ ಮಾಸ್ತರು ಇಳಿಯುತ್ತಿದ್ದಾರೆ, ಊರಿನ ನಕ್ಷೆ ಮೇಲೆಲ್ಲ ಅವರದೇ ಫೋನ್ ನಂಬರು. ಏನು ಮಾಡೋಣ?

ಕೆಂಪುಕಲ್ಲು, ಬಾದಾಮಿ

ಎಲ್ಲರಿಗೂ ನಮಸ್ಕಾರ. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರ ಜೊತೆಗೆ ಊರಿನ ಪ್ರವಾಸಿ ಮಾಹಿತಿ ಸಂಘದ ಕಾರ್ಯದರ್ಶಿ ಕೆಲಸ, ಮೂರು ವರ್ಷದಿಂದ. ಸಂಬಳ ಇಲ್ಲ, ಬೈಗುಳ ಇದೆ.

ಸಂಘ ಸರ್ಕಾರದ್ದಲ್ಲ. 2008ರಲ್ಲಿ ನೋಂದಣಿ ಮಾಡಿಸಿದ್ದು. ಒಂದು ಬಾಡಿಗೆ ಕೋಣೆ, ಒಂದು ಟೇಬಲ್, ಗೋಡೆಗೆ ನಕ್ಷೆ. ಲಾಡ್ಜಿನವರು ವರ್ಷಕ್ಕೆ 1,000 ರೂಪಾಯಿ, ಖಾನಾವಳಿಯವರು 500, ಗೈಡುಗಳು 300 ಕೊಡುತ್ತಾರೆ. 20 ರೂಪಾಯಿಗೆ ನಕ್ಷೆ ಮಾರುತ್ತೇವೆ. ಬಂದವರು ಕೇಳುವುದು ದಿನಾ ಅವೇ ನಾಲ್ಕು ಪ್ರಶ್ನೆ. ಪಟ್ಟದಕಲ್ಲು, ಐಹೊಳೆ ಒಂದೇ ದಿನಕ್ಕೆ ಆಗುತ್ತಾ? ರೊಟ್ಟಿ ಊಟ ಎಲ್ಲಿ? ಸ್ಟೇಷನ್‌ಗೆ ಆಟೋ ಎಷ್ಟು? ಮಂಗ ಕಚ್ಚುತ್ತಾ?

ಸಂಘ ಕಟ್ಟಿದ್ದು ನಮ್ಮ ಮಾಸ್ತರು. ಹೈಸ್ಕೂಲಲ್ಲಿ ಇತಿಹಾಸ ಹೇಳುತ್ತಿದ್ದವರು. ಮೊದಲ ದಿನದಿಂದ ಅವರೇ ಅಧ್ಯಕ್ಷರು, ಕುರ್ಚಿಯಲ್ಲಿ ಕೂರುವವರೂ ಅವರೇ. ಕೈಯಲ್ಲಿ ಒಂದೇ ದಿನ ಇದೆ ಅಂದವರಿಗೆ ಬೆಳಿಗ್ಗೆ ಗುಹೆ, ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಇಳಿಯುವಾಗ ವಾಪಸ್ ಬಂದು ಭೂತನಾಥ ಅಂತ ಬರೆದುಕೊಡುತ್ತಾರೆ. ಆ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆಯಲ್ಲ, ಸಂಜೆ ಬಿಸಿಲಿಗೆ ಕಲ್ಲು, ಕೆರೆ ನೀರು ಎಲ್ಲ ಒಂದೇ ಬಣ್ಣ ಆಗುತ್ತದೆ. ಯಾರಿಗಾದರೂ ಸ್ವಲ್ಪ ಕನ್ನಡದ ಹುಚ್ಚು ಇದೆ ಅಂತ ಗೊತ್ತಾದರೆ ಟೇಬಲ್ ಬಿಟ್ಟು ಎದ್ದು, ಕಪ್ಪೆ ಅರಭಟ್ಟನ ಶಾಸನದ ತನಕ ತಾವೇ ಕರೆದುಕೊಂಡು ಹೋಗುತ್ತಿದ್ದರು. ಈಗ ಮೊಣಕಾಲು ಬಿಡುವುದಿಲ್ಲ. 74 ವರ್ಷ. ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಿದ್ದಾನೆ. ಬನಶಂಕರಿ ಜಾತ್ರೆಗೆ ಮೊದಲೇ ಹೊರಡುತ್ತಾರಂತೆ.

ನನ್ನ ತಲೆನೋವು ಹೀಗಿದೆ.

ನಕ್ಷೆಯ ಮೇಲಿರುವ ನಂಬರು ಮಾಸ್ತರ ಸ್ವಂತ ಮೊಬೈಲಿನದು. 3,000 ಪ್ರತಿ ಅಚ್ಚಾಗಿ ಬಿದ್ದಿವೆ. ಗೂಗಲ್ ಮ್ಯಾಪಲ್ಲೂ ಅದೇ, ಆದಾಯ ತೆರಿಗೆಯವರ ಒಟಿಪಿ ಬರುವುದೂ ಅದಕ್ಕೇ. ನಂಬರನ್ನು ಸಂಘಕ್ಕೆ ಬಿಟ್ಟುಕೊಡಿ ಸರ್ ಅಂದೆ. "ನಂಬರ್ ಕೊಟ್ಟರ ನಾ ಯಾರಂತ ಉಳೀತೀನವ್ವಾ?" ಅಂದರು. ಮುಂದೆ ಮಾತಾಡಲು ನನಗೆ ಬಾಯಿ ಬರಲಿಲ್ಲ.

ಬ್ಯಾಂಕ್ ಖಾತೆಯಲ್ಲಿ ಎರಡು ಸಹಿ ಇವೆ, ಯಾರಾದರೂ ಒಬ್ಬರು ಹಾಕಿದರೆ ಸಾಕು. ಇನ್ನೊಬ್ಬರು ಖಜಾಂಚಿ. ಅವರು 2021ರಲ್ಲಿ ತೀರಿಕೊಂಡರು. ಮಾಸ್ತರ ಸಹಿಯಿಂದ ಕೆಲಸ ನಡೆಯುತ್ತಿತ್ತು, ಹೆಸರು ತೆಗೆಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಈಗ ಬ್ಯಾಂಕಿನವರು ನೋಂದಣಿ ಕಚೇರಿಯಿಂದ ದೃಢೀಕರಿಸಿದ ಸಮಿತಿ ಪಟ್ಟಿ ಕೇಳುತ್ತಿದ್ದಾರೆ. ಆ ಪಟ್ಟಿಯನ್ನು ನಾವು ಬಾಗಲಕೋಟೆಗೆ ಕೊಟ್ಟು ಮೂರು ವರ್ಷ ಆಯಿತು. (ಹೌದು, ನಾನೇ ಕಾರ್ಯದರ್ಶಿ. ಬೈಯಿರಿ.) ಮಾಸ್ತರು "20 ಖಾಲಿ ಚೆಕ್ಕಿಗೆ ಸಹಿ ಹಾಕಿ ಹೋಗ್ತೀನಿ, ವರ್ಷ ನಡೀತದ" ಅನ್ನುತ್ತಿದ್ದಾರೆ.

ಮೂರನೆಯದೇ ದೊಡ್ಡದು. ಅಧ್ಯಕ್ಷರಾಗಲು ಮುಂದೆ ಬಂದಿರುವುದು ಒಬ್ಬರೇ, ಲಾಡ್ಜ್ ಇಟ್ಟಿರುವ ಸಾಹುಕಾರರು. ಓಡಾಡುವ ಮನುಷ್ಯ, ಒಳ್ಳೆಯವರೇ. ಆದರೆ ಟೇಬಲ್ಲನ್ನು ತಮ್ಮ ಲಾಡ್ಜಿನ ಹಾಲ್‌ಗೆ ತರೋಣ, ಬಾಡಿಗೆ ಉಳಿಯುತ್ತದೆ ಅನ್ನುತ್ತಾರೆ. ಹಾಗಾದರೆ ನಾವು ಸದಸ್ಯತ್ವ ಬಿಡುತ್ತೇವೆ ಅಂತ ಗೈಡುಗಳು, ಉಳಿದ ಲಾಡ್ಜಿನವರು ಹೇಳುತ್ತಿದ್ದಾರೆ.

ಇಂಥದ್ದನ್ನು ದಾಟಿದವರು ಯಾರಾದರೂ ಇದ್ದೀರಾ?

ಬೆಟ್ಟದನೆರಳು

ಲಾಡ್ಜಿನವರು ಅಧ್ಯಕ್ಷರಾದ ಮೇಲೆ ಅದು ಮಾಹಿತಿ ಕೇಂದ್ರ ಅಲ್ಲ, ಬುಕಿಂಗ್ ಕೌಂಟರ್. ಅಷ್ಟೇ.

ಲೆಕ್ಕದವನು, ಧಾರವಾಡ

ನಾನು ಇಂಥ ಸಣ್ಣ ಸಂಘಗಳ ಲೆಕ್ಕ ನೋಡುವವನು. ಮೊದಲು ಖಾಲಿ ಚೆಕ್ಕಿನ ವಿಷಯ. ಅಯ್ಯೋ, ಬೇಡವೇ ಬೇಡ. ನಾಳೆ ಒಂದು ಚೆಕ್ ಎಲ್ಲೋ ಬಿದ್ದು ಯಾರಿಗೋ ಸಿಕ್ಕಿದರೆ, ಹುಬ್ಬಳ್ಳಿಯಲ್ಲಿ ಕೂತ ಆ ಹಿರಿಯರ ತಲೆಗೆ ಬರುತ್ತದೆ.

ಎರಡನೆಯದು, ಮಾಸ್ತರು ಈಗಲೇ ರಾಜೀನಾಮೆ ಕೊಡಬಾರದು. ಎಲ್ಲರೂ ಮಾಡುವ ತಪ್ಪು ಇದು. ಸನ್ಮಾನ, ಶಾಲು, ಫೋಟೋ, ರಾಜೀನಾಮೆ ಎಲ್ಲ ಒಂದೇ ದಿನ ಮುಗಿಸುತ್ತಾರೆ. ಮರುದಿನ ಬಾಡಿಗೆ ಚೆಕ್ಕಿಗೆ ಸಹಿ ಹಾಕುವವರೇ ಇರುವುದಿಲ್ಲ. ನಿಮ್ಮಲ್ಲಿ ಬದುಕಿರುವ ಸಹಿ ಅದೊಂದೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ವರ್ಷಕ್ಕೊಂದು ಸರ್ವಸದಸ್ಯರ ಸಭೆ ಆಗಬೇಕು, ಎರಡು ಸಭೆಗಳ ನಡುವೆ 15 ತಿಂಗಳು ದಾಟಬಾರದು. ಸಭೆ ಆದ 14 ದಿನದೊಳಗೆ ಸಮಿತಿ ಪಟ್ಟಿ, ಆಡಿಟ್ ಆದ ಲೆಕ್ಕ ಎರಡನ್ನೂ ನೋಂದಣಿ ಕಚೇರಿಗೆ ಕೊಡಬೇಕು. ನೀವು ಬಿಟ್ಟಿದ್ದು ಇದನ್ನು. ಗಾಬರಿ ಬೇಡ, ಅರ್ಧ ಜಿಲ್ಲೆ ಬಿಟ್ಟಿರುತ್ತದೆ. ಹಳೆ ವರ್ಷಗಳ ಠರಾವು ಪುಸ್ತಕ ಹುಡುಕಿ, ಮೂರೂ ವರ್ಷದ ಲೆಕ್ಕ ಆಡಿಟ್ ಮಾಡಿಸಿ, ದಂಡ ಎಷ್ಟು ಹೇಳುತ್ತಾರೋ ಕಟ್ಟಿ ಒಟ್ಟಿಗೆ ಸಲ್ಲಿಸಿ. ಸಭೆಯೇ ನಡೆಯದ ವರ್ಷ ಇದ್ದರೆ ನಡೆದಂತೆ ಬರೆಯಬೇಡಿ. ನಡೆಯಲಿಲ್ಲ ಅಂತಲೇ ಬರೆದುಕೊಡಿ. ಸುಳ್ಳು ಠರಾವು ಹತ್ತು ವರ್ಷ ಬಿಟ್ಟು ಕಚ್ಚುತ್ತದೆ.

ಆಮೇಲೆ ಈಗಿನ ಸಮಿತಿಯೇ ನೋಟಿಸ್ ಕೊಟ್ಟು ಸಭೆ ಕರೆಯಲಿ. ಎಷ್ಟು ದಿನದ ನೋಟಿಸ್, ಎಷ್ಟು ಜನ ಇರಬೇಕು ಅನ್ನುವುದು ನಿಮ್ಮ ಬೈಲಾದಲ್ಲಿ ಇರುತ್ತದೆ. ಹೊಸ ಸಮಿತಿ ಆಯ್ಕೆ, ಹೊಸ ಸಹಿದಾರರ ಠರಾವು ಅದೇ ಸಭೆಯಲ್ಲಿ ಆಗಲಿ. ಸಹಿ ಎರಡು, ಎರಡೂ ಕಡ್ಡಾಯ ಅಂತ ಬರೆಸಿ. "ಯಾರಾದರೂ ಒಬ್ಬರು" ಅನ್ನುವುದರಿಂದಲೇ ನಿಮಗೆ ಈ ಗತಿ ಬಂದಿದ್ದು. ಖಜಾಂಚಿಯವರ ಮರಣ ಪ್ರಮಾಣಪತ್ರದ ಪ್ರತಿ ಇಟ್ಟುಕೊಳ್ಳಿ, ಬ್ಯಾಂಕ್ ಕೇಳುತ್ತದೆ. ಬ್ಯಾಂಕಿನಲ್ಲಿ ಹೊಸ ಸಹಿ ಒಪ್ಪಿಗೆ ಆದ ಮೇಲೆ ಮಾಸ್ತರ ಸಹಿ ತೆಗೆಯಲಿ. ಅಲ್ಲಿಯ ತನಕ ಅವರು ಹುಬ್ಬಳ್ಳಿಯಿಂದ ಎರಡು ಸಲ ಬಂದು ಹೋಗಬೇಕಾದೀತು, ಈಗಲೇ ಹೇಳಿಡಿ.

12ಎ ನೋಂದಣಿ, ಅಂದರೆ ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗಲು ಮಾಡಿಸುವ ನೋಂದಣಿ, ಇದ್ದರೆ ಅವಧಿ ಯಾವಾಗ ಮುಗಿಯುತ್ತದೆ ನೋಡಿ. 5 ವರ್ಷಕ್ಕೆ ಸಿಕ್ಕಿದ್ದರೆ ಮುಗಿಯುವ 6 ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಅಧ್ಯಕ್ಷರು ಬದಲಾಗುವ ಗಲಾಟೆಯಲ್ಲಿ ಕೈತಪ್ಪುವುದು ಇದೇ. ತೆರಿಗೆ ಪೋರ್ಟಲಿನ ಫೋನ್, ಇಮೇಲ್ ಬದಲಿಸಲು ಹಳೆ ನಂಬರಿಗೆ ಒಟಿಪಿ ಬರಬಹುದು. ಮಾಸ್ತರು ಊರಲ್ಲಿ ಇರುವಾಗಲೇ ಮುಗಿಸಿ. ಗೂಗಲ್ ಮ್ಯಾಪಿನದೂ ಈಗಲೇ ಶುರು ಮಾಡಿ. ಅಲ್ಲಿ ಸಂಘದ ಪುಟ ನೋಡಿಕೊಳ್ಳಲು ಹೊಸದಾಗಿ ಸೇರಿಸಿದವರಿಗೆ ಪೂರ್ತಿ ಅಧಿಕಾರ ಬರಲು 7 ದಿನ ಕಾಯಬೇಕು.

ಟೇಬಲ್ ಲಾಡ್ಜಿಗೆ ಹೋದರೆ ನೋಂದಾಯಿತ ವಿಳಾಸವೂ ಬದಲಾಗಬೇಕಾಗುತ್ತದೆ, ಅದಕ್ಕೆ ಬೇರೆ ಕಾಗದ. ಸಾಹುಕಾರರಿಗೆ ಇದನ್ನು ಹೇಳಿ ನೋಡಿ. ಕಾಗದ ಅಂದರೆ ಜನ ತಣ್ಣಗಾಗುತ್ತಾರೆ.

ಘಟ್ಟದಂಚು, ಸಕಲೇಶಪುರದ ಕಡೆ

ಅಮ್ಮಾ, ನಾನು ನಿಮ್ಮ ಮಾಸ್ತರ ಜಾಗದಲ್ಲಿ ಇದ್ದವನು. ನಮ್ಮ ಕಡೆ ಹೋಂಸ್ಟೇಯವರ ಒಂದು ಸಂಘ, 11 ವರ್ಷ ಅಧ್ಯಕ್ಷನಾಗಿದ್ದೆ. ಬಿಟ್ಟೆ ಅಂತ ಹೇಳಿದೆ, ಆದರೆ ಬಿಡಲಿಲ್ಲ. ದಿನಾ ಹತ್ತು ಗಂಟೆಗೆ ಆಫೀಸಿಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಕಾಫಿ ಕುಡಿಯಲು ಅಂತ ನೆಪ. ಬಂದವರೆಲ್ಲ ನನ್ನನ್ನೇ ಕೇಳುವರು. ಪಾಪ, ಹೊಸ ಹುಡುಗ ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ನಾನು ಉತ್ತರ ಕೊಟ್ಟಾಗಿರುತ್ತಿತ್ತು. ಒಂದು ದಿನ ನನ್ನ ಹೆಂಡತಿಯೇ ಹೇಳಿದಳು, ನೀವು ಆ ಹುಡುಗನಿಗೆ ಸಹಾಯ ಮಾಡ್ತಿಲ್ಲ, ಕಾವಲು ಕಾಯ್ತಿದ್ದೀರ ಅಂತ. ಮಗಳ ಮನೆಗೆ ಮೈಸೂರಿಗೆ ಹೋಗಿ ಮೂರು ತಿಂಗಳು ಇದ್ದೆ. ವಾಪಸ್ ಬಂದಾಗ ಆಫೀಸಲ್ಲಿ ನನ್ನ ಕುರ್ಚಿ ಇರಲಿಲ್ಲ, ಅಲ್ಲಿ ಫಿಲ್ಟರ್ ನೀರಿನ ಕ್ಯಾನ್ ಇತ್ತು. ಆ ದಿನ ಬೇಜಾರಾಯಿತು, ಸುಳ್ಳು ಹೇಳಲ್ಲ.

ಹಾಗಾಗಿ ನಂಬರ್ ಕಿತ್ತುಕೊಳ್ಳಬೇಡಿ. ಅದು ಅವರ ನಂಬರು. ನೀವು ಹೊಸ ಸಿಮ್ ತೆಗೆದುಕೊಳ್ಳಿ, ಸಂಘದ ಹೆಸರಲ್ಲಿ. ಖರ್ಚು ಅಂದರೆ ಸ್ಟಿಕ್ಕರ್ ಅಂಟಿಸುವುದು. ಝೆರಾಕ್ಸ್ ಅಂಗಡಿ ನಿಮ್ಮದೇ ಅಲ್ವಾ?

ಇನ್ನೊಂದು. "ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಅಂತ ಅವರನ್ನು ಕೇಳಬೇಡಿ. ನನ್ನನ್ನೂ ಕೇಳಿದ್ದರು. ಒಂದು ಪುಟ ಬರೆದು ನಿಲ್ಲಿಸಿದೆ. ನಮಗೆ ಏನು ಗೊತ್ತು ಅಂತ ನಮಗೇ ಗೊತ್ತಿರುವುದಿಲ್ಲ. ಹದಿನೈದು ದಿನ ಅವರ ಪಕ್ಕ ಕೂತು, ಬಂದವರು ಕೇಳಿದ್ದು, ಇವರು ಹೇಳಿದ್ದು ಎರಡನ್ನೇ ಬರೆದುಕೊಳ್ಳಿ.

ಮೆಕ್ಕೆಜೋಳ, ಇಂಡಿಯಾನಾ

ನಾನು ಗದಗದವನು, ಈಗ ಅಮೆರಿಕದ ಇಂಡಿಯಾನಾದ ಒಂದು ಸಣ್ಣ ಊರಲ್ಲಿದ್ದೇನೆ. ಇಲ್ಲಿನ ವಿಸಿಟರ್ಸ್ ಬ್ಯೂರೋ ಬೋರ್ಡಿನಲ್ಲಿ ಎರಡು ವರ್ಷ ಇದ್ದೆ. ಅದೂ ಲಾಭಕ್ಕಲ್ಲದ ಸಂಸ್ಥೆ. ದುಡ್ಡು ಬರುವುದು ಮುಖ್ಯವಾಗಿ ಕೌಂಟಿಯ ಇನ್‌ಕೀಪರ್ಸ್ ಟ್ಯಾಕ್ಸಿನಿಂದ, ಅಂದರೆ ರೂಮಿನ ಬಾಡಿಗೆ ಮೇಲೆ ಹಾಕುವ ತೆರಿಗೆ. ಹಾಗಾಗಿ ಬೋರ್ಡಲ್ಲಿ ಹೋಟೆಲಿನವರು ಇದ್ದೇ ಇರುತ್ತಾರೆ. ಅವರನ್ನು ಹೊರಗಿಡುವುದು ಆಗದ ಮಾತು.

ಇಲ್ಲಿ ಮಾಡುವುದು ಇಷ್ಟೇ. ವರ್ಷದ ಮೊದಲ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ವ್ಯಾಪಾರ ಏನು ಅಂತ ಬರೆದುಕೊಡುತ್ತಾರೆ. ಅದಕ್ಕೆ ಸಂಬಂಧಪಟ್ಟ ವಿಷಯ ಬಂದರೆ ಎದ್ದು ಹೊರಗೆ ಹೋಗುತ್ತಾರೆ, ಎದ್ದು ಹೋದದ್ದೂ ನಡಾವಳಿಯಲ್ಲಿ ದಾಖಲಾಗುತ್ತದೆ. ಕೌಂಟರಲ್ಲಿ ಕೂತವರು "ಯಾವ ಹೋಟೆಲ್ ಚೆನ್ನಾಗಿದೆ" ಅನ್ನುವ ಪ್ರಶ್ನೆಗೆ ಹೆಸರು ಹೇಳುವಂತಿಲ್ಲ. ಎಲ್ಲ ಹೆಸರೂ ಇರುವ ಹಾಳೆ ಕೊಡಬೇಕು. ಡೈರೆಕ್ಟರ್ ಬಿಟ್ಟು ಹೋದಾಗ ಇಲ್ಲೂ ದೊಡ್ಡ ಗಲಾಟೆ ಆಯಿತು. ಆಗ ನಮ್ಮನ್ನು ಉಳಿಸಿದ್ದು ಆ ನಿಯಮ.

ಹಾಳೆಯಲ್ಲಿ ಹೆಸರು ಅಕಾರಾದಿ ಇರಲಿ.

ಕೆಂಪುಕಲ್ಲು, ಬಾದಾಮಿ

ಅಕಾರಾದಿ ಮಾಡಿದರೆ ಮುಂದಿನ ವರ್ಷ ಊರಿನ ಎಲ್ಲ ಲಾಡ್ಜಿನ ಹೆಸರೂ "ಅ"ದಿಂದ ಶುರುವಾಗುತ್ತವೆ ಅಣ್ಣಾ. ನಮ್ಮೂರಿನವರು ನಿಮಗೆ ಗೊತ್ತಿಲ್ಲ.

ಎಲ್ಲರಿಗೂ ಥ್ಯಾಂಕ್ಸ್. ಮಾಸ್ತರ ಪಕ್ಕ ಕೂರಲು ಇವತ್ತಿಂದಲೇ ಶುರು ಮಾಡಿದ್ದೇನೆ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಿದ್ದಾನೆ.

ಕೆಂಪುಕಲ್ಲು, ಬಾದಾಮಿ (ಆರು ವಾರದ ನಂತರ)

ಏನಾಯಿತು ಅಂತ ಇಬ್ಬರು ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ.

ಠರಾವು ಪುಸ್ತಕ ಖಜಾಂಚಿಯವರ ಮನೆಯಲ್ಲಿ ಸಿಕ್ಕಿತು, ಅವರ ಮನೆಯವರು ದೇವರ ಕೋಣೆಯ ಕಪಾಟಲ್ಲಿ ಇಟ್ಟಿದ್ದರು. ಒಂದು ವರ್ಷ ಸಭೆ ಆಗಿರಲೇ ಇಲ್ಲ, ಹಾಗೇ ಬರೆದುಕೊಟ್ಟೆವು. ಬಾಗಲಕೋಟೆಗೆ ನಾಲ್ಕು ಸಲ ಓಡಾಡಿದೆ. ಮೂರನೇ ಸಲ ಹೋದಾಗ ಲೆಕ್ಕಪತ್ರದ ಒಂದು ಹಾಳೆಯಲ್ಲಿ ಸೀಲ್ ಇಲ್ಲ ಅಂತ ವಾಪಸ್ ಕಳಿಸಿದರು. ಸೀಲು ನನ್ನ ವ್ಯಾನಿಟಿ ಬ್ಯಾಗಲ್ಲೇ ಇತ್ತು, ಇಂಕ್ ಪ್ಯಾಡ್ ಇರಲಿಲ್ಲ.

ಸಭೆ ಆಯಿತು. ಸಾಹುಕಾರರೇ ಅಧ್ಯಕ್ಷರು. ಬೆಟ್ಟದನೆರಳು ಅವರೇ, ಬೇಜಾರಾಗಬೇಡಿ, ಬೇರೆ ಯಾರೂ ಕೈ ಎತ್ತಲಿಲ್ಲ. ಆದರೆ ಟೇಬಲ್ ಇದ್ದಲ್ಲೇ ಇದೆ. ಗೈಡುಗಳಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಸಾಹುಕಾರ್ರ, ನೀವು ಸಾಧುಗ ಸಾಧು, ನಮಗ ಗೊತ್ತೈತಿ. ಆದ್ರ ಟೇಬಲ್ ನಿಮ್ಮ ಹಾಲ್‌ಗೆ ಬಂದ್ರ ಕಲಿಯುಗ ವಿಪರೀತ ಆಗತೈತಿ" ಅಂದರು. ಕಪ್ಪೆ ಅರಭಟ್ಟನ ಶಾಸನದ ಮಾತನ್ನೇ ತಿರುಗಿಸಿ ಹಾಕಿದ್ದು ನೋಡಿ ಮಾಸ್ತರು ನಕ್ಕ ನಗುವಿಗೆ ಸಾಹುಕಾರರೂ ನಕ್ಕುಬಿಟ್ಟರು. ಅಲ್ಲಿಗೆ ಆ ಮಾತು ಬಿತ್ತು. ಲಾಡ್ಜಿನ ವಿಷಯ ಬಂದಾಗ ಅಧ್ಯಕ್ಷರು ಹೊರಗೆ ಹೋಗಬೇಕು ಅನ್ನುವ ಠರಾವೂ ಪಾಸಾಯಿತು. ಲಾಡ್ಜ್ ಹಾಳೆಯಲ್ಲಿ ಹೆಸರುಗಳು ತಿಂಗಳಿಗೊಮ್ಮೆ ಸುತ್ತುತ್ತವೆ. ಮೊದಲಿದ್ದವರು ಮುಂದಿನ ತಿಂಗಳು ಕೊನೆಗೆ.

ಮಾಸ್ತರ ಪಕ್ಕ ಕೂತು ಬರೆದದ್ದು 61 ಪುಟ ಆಯಿತು. ಶುಕ್ರವಾರ ಮ್ಯೂಸಿಯಂ ರಜೆ, ಗುರುವಾರವೇ ಹೇಳಿ ಕಳಿಸಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಮೆಟ್ಟಿಲು ಹತ್ತುವವರನ್ನು ಕೂಗಿ ನಿಲ್ಲಿಸಬೇಕು, ಮಂಗಕ್ಕೆ ಕವರ್ ಸಪ್ಪಳ ಕೇಳಿದರೆ ಸಾಕು. ರಾತ್ರಿ ರೈಲಿಗೆ ಒಂಟಿ ಹೆಣ್ಣುಮಕ್ಕಳು ಇಳಿಯುತ್ತಾರೆ ಅಂದರೆ ಯಾವ ಆಟೋದವರಿಗೆ ಫೋನ್ ಮಾಡಬೇಕು, ಅವರ ಮನೆಯಲ್ಲಿ ಫೋನ್ ಎತ್ತುವುದು ಯಾರು. ಸ್ಟೇಷನ್ ಊರಿಂದ 5 ಕಿಲೋಮೀಟರ್ ದೂರ ಅಲ್ವಾ, ಇದು ನನಗೆ ಹೊಳೆದೇ ಇರಲಿಲ್ಲ. ಅವರು ಹದಿನೇಳು ವರ್ಷದಿಂದ ಯಾರಿಗೂ ಹೇಳದೆ ಮಾಡುತ್ತಿದ್ದರು.

ಹೊಸ ಸಿಮ್ ಬಂತು. ಮಾಸ್ತರು ಹುಬ್ಬಳ್ಳಿಗೆ ಹೋದ ನಾಲ್ಕನೇ ದಿನ ಆ ನಂಬರಿಗೆ ಒಂದು ಫೋನ್. "ನಾವು ಪುಣೆಯಿಂದ ಬರಾಕತ್ತೀವಿ, ಭೂತನಾಥಕ್ಕ ಯಾವಾಗ ಹೋದ್ರ ಚಲೋ?" ಪುಣೆಯವರು ಇಷ್ಟು ಚಂದ ಬಾಗಲಕೋಟೆ ಕನ್ನಡ ಮಾತಾಡುತ್ತಾರಾ? ನಾನೂ ಗೊತ್ತಿಲ್ಲದವಳ ಹಾಗೆ ಹೇಳಿದೆ, ಸಂಜೆ ಐದರ ಸುಮಾರಿಗೆ ಹೋಗ್ರಿ, ಕೈಯಲ್ಲಿ ಕವರ್ ಹಿಡಿಬ್ಯಾಡ್ರಿ ಅಂತ. "ಹ್ಞೂಂ" ಅಂದು ಇಟ್ಟರು.

ಬ್ಯಾಂಕಿನದು ಇನ್ನೂ ಮುಗಿದಿಲ್ಲ. ಹೊಸ ಖಜಾಂಚಿಯ ಆಧಾರ್‌ನಲ್ಲಿ ಅಪ್ಪನ ಹೆಸರು ಮುಂದೆ, ಪ್ಯಾನ್‌ನಲ್ಲಿ ಹಿಂದೆ. ಲೆಕ್ಕದವರೇ, ಇದಕ್ಕೆ ಅಫಿಡವಿಟ್ ಸಾಕಾಗುತ್ತಾ, ಅಥವಾ ಪ್ಯಾನ್ ತಿದ್ದಿಸಲೇಬೇಕಾ? ಜಾತ್ರೆಗೆ ಇನ್ನು ಹದಿನೆಂಟು ದಿನ, ಸ್ಟಿಕ್ಕರ್ ಅಂಟಿಸಬೇಕಾದ ನಕ್ಷೆ ಇನ್ನೂ 1,400 ಇವೆ.