ಎಡಿಎಚ್‌ಡಿ ಇರೋರಿಗೆ ದುಡ್ಡು ಎಲ್ಲೆಲ್ಲಿ ಸೋರುತ್ತೆ?

ವಿಜಯನಗರದವಳು:
ಮೂವತ್ತೈದು ದಾಟಿದ ಮೇಲೆ ನನಗೆ ಎಡಿಎಚ್‌ಡಿ (ಗಮನ ನಿಲ್ಲದ, ಕೆಲಸ ಮರೆತುಹೋಗುವ ಮಿದುಳಿನ ಸಮಸ್ಯೆ) ಇದೆ ಅಂತ ಗೊತ್ತಾಯಿತು. ಡಾಕ್ಟರ್ ಫೀಸು, ಮಾತ್ರೆ ದುಡ್ಡು ಲೆಕ್ಕಕ್ಕೆ ಸಿಗುತ್ತದೆ. ಉಳಿದದ್ದು ಸಿಗುವುದೇ ಇಲ್ಲ. ಫ್ರಿಜ್ಜಿನ ತಳದ ಡಬ್ಬದಲ್ಲಿ ಕೊತ್ತಂಬರಿ ಸೊಪ್ಪು ಕೊಳೆತು ನೀರು ಬಿಟ್ಟಿರುತ್ತದೆ, ಅದರ ಮೇಲೇ ಹೊಸ ಕಟ್ಟು ಇಟ್ಟಿರುತ್ತೇನೆ. ಖಾತೆಯಲ್ಲಿ ದುಡ್ಡಿದ್ದರೂ ಕಾರ್ಡ್ ಬಿಲ್ ಕಟ್ಟೋಕೆ ತಡ. ದಂಡದ ಮೇಲೆ 18% ಜಿಎಸ್‌ಟಿ ಬೇರೆ! ಅತ್ತೆ ಇದಕ್ಕೆ ಸೋಮಾರಿತನ ಅಂತಾರೆ. ನಿಮ್ಮ ಕಥೆ ಏನು?

ಹಾಸನದ ಗೂಬೆ:
ನನ್ನದು ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಗಡುವು ದಾಟಿದರೆ 5,000 ರೂಪಾಯಿವರೆಗೆ ಫೀಸು. ಆಫೀಸಿನವರು ಕೊಡೋ ಟ್ಯಾಕ್ಸ್ ಕಡಿತದ ಪತ್ರ, ಫಾರಂ 16, ಮೇಲ್‌ನಲ್ಲೇ ಬಿದ್ದಿರುತ್ತೆ, ಕೂತು ತೆರೆಯೋಕೆ ಮನಸ್ಸು ಬರಲ್ಲ.

ಮಾತ್ರೆಡಬ್ಬಿ:
ಮಾತ್ರೆ ಲೆಕ್ಕಕ್ಕೆ ಸಿಗುತ್ತೆ ಅಂದ್ರಲ್ಲ, ಪೂರ್ತಿ ಸಿಗಲ್ಲ ಅಕ್ಕ. ಎಡಿಎಚ್‌ಡಿಗೆ ಕೊಡೋ ಮಿಥೈಲ್‌ಫೆನಿಡೇಟ್ ಮಾತ್ರೆ ಶೆಡ್ಯೂಲ್ ಎಕ್ಸ್‌ನಲ್ಲಿದೆ, ಅಂದ್ರೆ ಮಾರಾಟಕ್ಕೆ ಬಿಗಿ ನಿಯಮ ಇರೋ ಔಷಧಿಗಳ ಪಟ್ಟಿಯಲ್ಲಿ. ಚೀಟಿಯ ಒಂದು ಪ್ರತಿ ಅಂಗಡಿಯವರೇ ಇಟ್ಕೋತಾರೆ, ಎಲ್ಲಾ ಮೆಡಿಕಲ್‌ನಲ್ಲೂ ಸಿಗಲ್ಲ. ಹುಡುಕೋ ಆಟೋ ಚಾರ್ಜು, ಅರ್ಧ ದಿನದ ರಜೆ ಯಾರು ಬರೆದಿಡ್ತಾರೆ? ಮಾತ್ರೆ ತರೋದನ್ನ ನೆನಪಿಡೋಕೂ ಅದೇ ಮಾತ್ರೆ ಬೇಕು, ತಮಾಷೆ ಅಲ್ವಾ?

ಹಾಸನದ ಗೂಬೆ:
ಹ್ಹಹ್ಹ, ನಿಜ. ಅಕ್ಕ, ಕಾರ್ಡ್ ಬಿಲ್ಲನ್ನ ಆಟೋ ಡೆಬಿಟ್‌ಗೆ ಹಾಕಿಬಿಡಿ. 'ಮಿನಿಮಮ್' ಅಲ್ಲ, 'ಪೂರ್ತಿ ಮೊತ್ತ' ಅಂತ ಆರಿಸಿ. ಇಲ್ಲದಿದ್ದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತೆ.

ವಿಜಯನಗರದವಳು:
ಈಗಲೇ ಹಾಕಿದೆ. ಸೊಪ್ಪನ್ನ ಫ್ರಿಜ್ ಬಾಗಿಲಲ್ಲಿ, ಹಾಲಿನ ಪಕ್ಕ ಇಡ್ತಿದ್ದೇನೆ. ಕಣ್ಣಿಗೆ ಬಿದ್ದರಷ್ಟೇ ಸಾರಿಗೆ ಬೀಳುತ್ತೆ. ಅತ್ತೆಗೆ ಏನು ಹೇಳಲಿ, ಅದನ್ನ ಹೇಳಿ ಯಾರಾದ್ರೂ.