11 ಕೆವಿ ಲೈನಿಗೆ ತಾಗುವ ಹಲಸಿನ ಕೊಂಬೆ: ಕಡಿಯಬೇಕಾದವರು ಯಾರು, ಕಡಿಯುವುದು ಹೇಗೆ?

ಪ್ರಶ್ನೆ: ಒಂಟಿಮನೆ

ಮಾನ್ಯರೇ, ನಮ್ಮದು ಮಲೆನಾಡಿನ ಒಂಟಿ ಮನೆ. ಅಂಗಳದಿಂದ ಅಡಿಕೆ ತೋಟಕ್ಕೆ ಇಳಿಯುವ ದಾರಿಯಲ್ಲಿ ನಮ್ಮ ಅಜ್ಜ ನೆಟ್ಟ ಹಲಸಿನ ಮರವಿದೆ. ಅದರ ಪೂರ್ವದ ಮಗ್ಗುಲಿಗೆ ವಿದ್ಯುತ್ ಲೈನು ಹಾದುಹೋಗಿದೆ. ಮುಂಗಾರಿನ ಮೊದಲ ಗಾಳಿಗೇ ಕೊಂಬೆ ತಂತಿಗೆ ಬಡಿದು ಕರೆಂಟು ಹೋದರೆ, ಒಮ್ಮೊಮ್ಮೆ ಎರಡು ದಿನವಾದರೂ ಬರುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಬಂದ ಗುತ್ತಿಗೆಯ ಆಳುಗಳು ಕತ್ತಿಗೆ ಸಿಕ್ಕಿದಲ್ಲಿ ಕೊಚ್ಚಿ ಹೋದರು. ಆ ಮೋಟುಗಳಲ್ಲಿ ಗೊಂಚಲು ಗೊಂಚಲಾಗಿ ಚಿಗುರೆದ್ದು, ವರ್ಷ ತುಂಬುವ ಮೊದಲೇ ಮತ್ತೆ ತಂತಿಯ ಮಟ್ಟಕ್ಕೆ ಬಂದಿವೆ. ಮರವನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ನಾವೇ ಆಳು ಹಿಡಿದು ಸವರಿಸಬಹುದೇ? ಲೈನಿನವರೇ ಮಾಡಬೇಕೆಂದಾದರೆ, ಮರ ಕೆಡದಂತೆ ಮಾಡಿಸಿಕೊಳ್ಳುವುದು ಹೇಗೆ?

ಉತ್ತರ: ನಿವೃತ್ತ ಮಾರ್ಗದಾಳು

ತಾವು ಹತ್ತಬೇಡಿ, ಆಳನ್ನೂ ಹತ್ತಿಸಬೇಡಿ. ಕಂಬದ ಮೇಲೆ ಮೂರೇ ತಂತಿಗಳಿದ್ದು ಒಂದೊಂದೂ ಪಿಂಗಾಣಿಯ ಮೇಲೆ ಕುಳಿತಿದ್ದರೆ ಅದು 11 ಕೆವಿ, ಅಂದರೆ ತಂತಿ ತಂತಿಗಳ ನಡುವೆ 11,000 ವೋಲ್ಟಿನ, ಲೈನೆಂದೇ ತಿಳಿಯಿರಿ. ಒಂದೊಂದು ತಂತಿಗೂ ನೆಲಕ್ಕೂ ನಡುವೆ ಸುಮಾರು 6,350 ವೋಲ್ಟ್. ಮರದ ಹಿಡಿಯ ಕತ್ತಿಯಿದ್ದರೆ ಶಾಕ್ ಹೊಡೆಯುವುದಿಲ್ಲವೆಂದು ನಂಬಿದವರನ್ನು ನಾನು ಬಹಳ ಕಂಡಿದ್ದೇನೆ. ಹಸಿ ಕೊಂಬೆಯಲ್ಲಿ ನೀರಿನಂಶವಿರುತ್ತದೆ, ಮಳೆಯಲ್ಲಿ ನೆನೆದಿದ್ದರಂತೂ ಹೇಳುವುದೇ ಬೇಡ. ಅದಕ್ಕಿಂತ ಮೋಸದ ಸಂಗತಿಯೆಂದರೆ, ಕೊಂಬೆಯ ಮೂಲಕ ನೆಲಕ್ಕಿಳಿಯುವ ಕರೆಂಟು ಎಷ್ಟೋ ಸಲ ಸ್ಟೇಷನ್ನಿನ ಬ್ರೇಕರ್ ಟ್ರಿಪ್ ಆಗುವಷ್ಟು ಇರುವುದಿಲ್ಲ, ಮನುಷ್ಯನ ಜೀವ ತೆಗೆಯುವಷ್ಟು ಮಾತ್ರ ಇರುತ್ತದೆ. ತಂತಿಯ ಕಡೆಗಿನ ಎಲೆಗಳ ತುದಿ ಬೆಂಕಿಗೆ ಹಿಡಿದಂತೆ ಕರಿದಾಗಿದೆಯೇ ಎಂದು ದೂರದಿಂದಲೇ ನೋಡಿ. ಆಗಿದ್ದರೆ ಆ ಮರದ ಬುಡದಲ್ಲಿ ದನ ಕಟ್ಟುವುದನ್ನೂ ನಿಲ್ಲಿಸಿ, ಇಂದೇ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.

ಸವರುವ ದಿನ ಲೈನಿನವರು ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆದು ಕೆಲಸ ಮಾಡುವ ಅನುಮತಿ, ಪಡೆಯಬೇಕು. ಮೂರೂ ತಂತಿಗಳನ್ನು ಒಮ್ಮೆಗೇ ಬಿಡಿಸುವ ಜಿಒಎಸ್ ಸ್ವಿಚ್ ಎಳೆದು, ಹಿಡಿಗೆ ಬೀಗ ಹಾಕಿ, ಲೈನಿನಲ್ಲಿ ಕರೆಂಟಿಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಯಲ್ಲಿ ಮೂರೂ ತಂತಿಗಳನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕಿದ ಮೇಲೆಯೇ ಮರಕ್ಕೆ ಏಣಿ. ಸ್ವಿಚ್ ತೆಗೆದ ಮೇಲೂ ಅರ್ತ್ ಏಕೆಂದು ಹೊಸಬರು ಕೇಳುತ್ತಾರೆ. ಎಲ್ಲೋ ಒಬ್ಬರು ಮನೆಯನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದರೆ, ಆ 230 ವೋಲ್ಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು, ಸತ್ತಿದೆಯೆಂದುಕೊಂಡ ಲೈನಿನಲ್ಲಿ ಮತ್ತೆ ಸಾವಿರಾರು ವೋಲ್ಟಾಗುತ್ತದೆ.

ಎಷ್ಟು ದೂರಕ್ಕೆ ಸವರಬೇಕೆಂಬುದನ್ನು ಚಳಿಗಾಲದ ಬೆಳಗ್ಗೆ ನಿಂತು ಅಳೆಯಬಾರದು. ಬೇಸಿಗೆಯ ಮಧ್ಯಾಹ್ನ ತಂತಿ ಕಾದು ಜೋಲುತ್ತದೆ, ಮಳೆಯಲ್ಲಿ ಎಲೆಯ ಭಾರಕ್ಕೆ ಕೊಂಬೆ ಬಾಗುತ್ತದೆ, ಗಾಳಿಗೆ ಎರಡೂ ತೂಗುತ್ತವೆ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋದದ್ದಕ್ಕೆ, ಇತರ ಕಾರಣಗಳ ಜೊತೆಗೆ, ಓಹಾಯೋದಲ್ಲಿ 345 ಕೆವಿ ತಂತಿಗಳು ಜೋತು ಕೆಳಗಿನ ಮರಗಳಿಗೆ ತಾಗಿದ್ದೂ ಕಾರಣವಾಗಿತ್ತು. ನಮ್ಮ ಹಲಸಿನ ಕೊಂಬೆ ಅಷ್ಟು ದೊಡ್ಡ ಕೆಲಸ ಮಾಡುವುದಿಲ್ಲ ಬಿಡಿ. ಆದರೆ ರಾತ್ರಿ ಮಳೆಯಲ್ಲಿ ಟಾರ್ಚು ಹಿಡಿದು ಕಂಬದಿಂದ ಕಂಬಕ್ಕೆ ಹುಡುಕುತ್ತ ನಡೆಯುವವನಿಗೆ ಅಷ್ಟೇ ಸಾಕು.

ಉತ್ತರ: ಸಸಿಮಡಿ

ತಮ್ಮ ಮರಕ್ಕೆ ಆಗಿರುವುದು ಸವರಿಕೆಯಲ್ಲ, ತಲೆ ಕಡಿತ. ಕೊಂಬೆಯನ್ನು ನಡುವೆ ತುಂಡರಿಸಿದಾಗ ತೊಗಟೆಯಡಿ ಮಲಗಿದ್ದ ಮೊಗ್ಗುಗಳೆಲ್ಲ ಒಮ್ಮೆಗೇ ಎಚ್ಚೆತ್ತು ನೆಟ್ಟಗೆ ಏಳುತ್ತವೆ. ಹೀಗೆ ಎದ್ದ ಚಿಗುರು ಬೇಗ ಬೆಳೆಯುತ್ತದೆ, ಬುಡದಲ್ಲಿ ಗಟ್ಟಿ ಹಿಡಿತವಿರುವುದಿಲ್ಲ, ದಪ್ಪವಾದ ಮೇಲೆ ಗಾಳಿಗೆ ಸಿಗಿದು ಬೀಳುತ್ತದೆ. ಉಳಿದ ಮೋಟು ಕೊಳೆತು ಗೆದ್ದಲಿಗೆ ದಾರಿಯಾಗುತ್ತದೆ.

ತಂತಿಯ ಕಡೆಗೆ ಹೊರಟ ಕೊಂಬೆಯನ್ನು ಅದು ಹುಟ್ಟಿದ ಜಾಗದಲ್ಲಿ, ಬುಡದ ಉಬ್ಬಿಗೆ ಪೆಟ್ಟಾಗದಂತೆ ಅದರ ಹೊರಗೆ ಗರಗಸದಿಂದ ಕೊಯ್ಯಬೇಕು. ಗಾಯ ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲೇ. ದಪ್ಪ ಕೊಂಬೆಯಾದರೆ ಒಂದೆರಡು ಅಡಿ ಆಚೆ ಮೊದಲು ಕೆಳಗಿನಿಂದ ಅರೆಬರೆ ಕೊಯ್ದು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಮೋಟು ತೆಗೆಯಬೇಕು. ನೇರ ಮೇಲಿನಿಂದಲೇ ಕತ್ತರಿಸಿದರೆ ಕೊಂಬೆ ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನೂ ಸಿಪ್ಪೆಯಂತೆ ಸುಲಿದುಕೊಂಡು ಬೀಳುತ್ತದೆ. ಈಗ ಎದ್ದಿರುವ ಚಿಗುರುಗಳಲ್ಲಿ ತಂತಿಗೆ ಬೆನ್ನು ಹಾಕಿದ ಒಂದೆರಡನ್ನು ಮಾತ್ರ ಉಳಿಸಲಿ. ಹಲಸು ಕಾಯಿ ಬಿಡುವುದು ಕಾಂಡದಲ್ಲಿ ಮತ್ತು ದಪ್ಪ ಕೊಂಬೆಗಳಲ್ಲಿ. ಆದ್ದರಿಂದ ಒಂದು ಮಗ್ಗುಲು ಸವರಿದರೆ ಫಸಲು ಪೂರ್ತಿ ಹೋದೀತೆಂಬ ಭಯ ಬೇಡ.

ಉತ್ತರ: ಕಡತ

ಕಾನೂನಿನ ಕಡೆಯಿಂದ ಎರಡು ಮಾತು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 68ನೇ ಕಲಮಿನ ಪ್ರಕಾರ, ಲೈನಿಗೆ ಅಡ್ಡಿಯಾಗುವ ಮರವನ್ನು ತೆಗೆಸುವಂತೆ ವಿದ್ಯುತ್ ಸರಬರಾಜುದಾರರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಆ ಮರ ಲೈನು ಎಳೆಯುವ ಮೊದಲೇ ಇದ್ದದ್ದಾದರೆ, ಅಂಥ ಅರ್ಜಿಯ ಇತ್ಯರ್ಥದಲ್ಲಿ ಮರದವರಿಗೆ ಸೂಕ್ತ ಪರಿಹಾರ ಕೊಡಿಸಬೇಕು. ತಮ್ಮ ಅಜ್ಜನವರು ನೆಟ್ಟದ್ದು ಮೊದಲೋ, ಕಂಬ ಬಂದದ್ದು ಮೊದಲೋ ಎಂಬುದನ್ನು ತೋರಿಸುವ ಹಳೆಯ ಫೋಟೋ ಇದ್ದರೆ ಜೋಪಾನವಾಗಿಡಿ. ಬುಡಸಮೇತ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಬರುತ್ತದೆ. ವೃಕ್ಷಾಧಿಕಾರಿಯನ್ನು ವಿಚಾರಿಸದೆ ಮುಂದುವರಿಯಬೇಡಿ.

ಒಂಟಿಮನೆ

ಎಲ್ಲರಿಗೂ ಕೃತಜ್ಞತೆಗಳು. ಶಾಖಾಧಿಕಾರಿಯವರಿಗೆ ಬರೆದುಕೊಟ್ಟಿದ್ದೇನೆ, ಮುಂದಿನ ವಾರ ಲೈನ್ ಕ್ಲಿಯರ್ ಪಡೆದು ಬರುವುದಾಗಿ ಹೇಳಿದ್ದಾರೆ. ಗರಗಸವನ್ನು ನಾನೇ ಹೊಂದಿಸಿಡುತ್ತೇನೆ. ಒಂದು ಸಣ್ಣ ಅನುಮಾನ ಉಳಿದಿದೆ: ಅದೇ ಲೈನಿನ ಅಂಚಿನಲ್ಲಿ ನಾಲ್ಕು ಸಾಲು ಅಡಿಕೆಯಿದೆ. ಅಲ್ಯೂಮಿನಿಯಂ ದೋಟಿ ಬಿಟ್ಟು ಈ ವರ್ಷ ಕಾರ್ಬನ್ ಫೈಬರ್ ದೋಟಿ ಕೊಂಡಿದ್ದೇವೆ. ಅದು ಸುರಕ್ಷಿತವಲ್ಲವೇ?

ನಿವೃತ್ತ ಮಾರ್ಗದಾಳು

ಅಲ್ಲ. ಹೆಸರಿನಲ್ಲಿ ಫೈಬರ್ ಇದ್ದರೂ ಕಾರ್ಬನ್ ಕರೆಂಟು ಹರಿಸುತ್ತದೆ. ಆ ನಾಲ್ಕು ಸಾಲಿನ ಅಡಿಕೆ ಗೊನೆ ಕೊಯ್ಯುವ ದಿನವೂ ಲೈನ್ ತೆಗೆಸಿಕೊಳ್ಳಿ.