ಪದಚರ್ಚೆ: ಮಾತ್ರೆಯ ‘ರಿಯಾಕ್ಷನ್’ಗೆ ನಿಮ್ಮ ಕಡೆ ಏನಂತೀರಿ?

ನಮಸ್ಕಾರ. ಫಿಟ್ಸ್ ಮಾತ್ರೆ ತಗೊಳ್ಳುವವರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ, ‘ರಿಯಾಕ್ಷನ್’ ಅನ್ನುವ ಕಡೆ ಕೈ ನಿಂತಿದೆ.

ವಿಷಯ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಮಾತ್ರೆಯಿಂದ ಚರ್ಮ, ಬಾಯಿ, ಕಣ್ಣು ಕೆಡುವ ಅಪಾಯದ ಕಾಯಿಲೆ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಗೌಟ್‌ಗೆ ಕೊಡುವ ಅಲೋಪ್ಯೂರಿನಾಲ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆ, ಇಂಥವುಗಳಿಂದ ಅಪರೂಪಕ್ಕೆ ಬರುತ್ತದೆ. ಹೊಸ ಮಾತ್ರೆ ಶುರುವಾದ ಮೊದಲ ಒಂದು ತಿಂಗಳಲ್ಲೇ ಜಾಸ್ತಿ. ಮೊದಲು ಜ್ವರ, ಕಣ್ಣುರಿ, ಗಂಟಲುನೋವು. ಆಮೇಲೆ ತುಟಿ, ಬಾಯಿಯೆಲ್ಲ ಹುಣ್ಣು, ಮೈಮೇಲೆ ಕೆಂಪು ಕಲೆ, ಬೊಬ್ಬೆ, ಸ್ವಲ್ಪ ಉಜ್ಜಿದರೂ ಚರ್ಮ ಕೈಗೆ ಬರುತ್ತದೆ. ಮೈಯ ಶೇ. 30ಕ್ಕಿಂತ ಜಾಸ್ತಿ ಚರ್ಮ ಹೋದರೆ ಡಾಕ್ಟರರು ‘ಟೆನ್’ (TEN, ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್) ಅನ್ನುತ್ತಾರೆ, ಅದು ಇನ್ನೂ ಅಪಾಯ.

‘ಅಡ್ಡಪರಿಣಾಮ’ ಅಂದರೆ ಹೊಟ್ಟೆ ತೊಳಸುವುದೂ ಅದೇ, ಇದೂ ಅದೇ, ಯಾರೂ ಹೆದರುವುದಿಲ್ಲ. ‘ಉಷ್ಣ’ ಅಂದರೆ ಎಳನೀರು ಕುಡಿದು ಮಾತ್ರೆ ಮುಂದುವರಿಸುತ್ತಾರೆ. ‘ನಂಜು’ ಅಂದರೆ ಬದನೆಕಾಯಿ ಬಿಡುತ್ತಾರೆ, ಮಾತ್ರೆ ಬಿಡಲ್ಲ! ‘ಅಮ್ಮ’ ಅಂದುಕೊಂಡರಂತೂ ಬೇವಿನ ಸೊಪ್ಪು ಹಾಸಿ ಮಲಗಿಸಿಬಿಡುತ್ತಾರೆ. ‘ಮೈಗೆ ಒಗ್ಗಲಿಲ್ಲ’ ಹತ್ತಿರ ಬರುತ್ತದೆ, ಆದರೆ ಹೊಸ ಊರಿನ ನೀರು ಒಗ್ಗದಿದ್ದರೂ ನಾಲ್ಕು ದಿನಕ್ಕೆ ಒಗ್ಗುತ್ತದೆ ಅಲ್ವಾ? ಇಲ್ಲಿ ಹಾಗಲ್ಲ, ಆ ಮಾತ್ರೆಯನ್ನು ಜನ್ಮದಲ್ಲಿ ಮತ್ತೆ ಮುಟ್ಟುವಂತಿಲ್ಲ.

ಚಿಕಿತ್ಸೆಯಲ್ಲಿ ಮೊದಲ ಕೆಲಸವೇ ಆ ಮಾತ್ರೆ ನಿಲ್ಲಿಸುವುದು, ಅದಕ್ಕೇ ನನಗೆ ಪದದ ಚಿಂತೆ. ಮಿಕ್ಕಿದ್ದು ಹೆಚ್ಚುಕಡಿಮೆ ಸುಟ್ಟಗಾಯದವರ ಆರೈಕೆ: ಡ್ರಿಪ್, ಗಾಯಕ್ಕೆ ಅಂಟದ ಡ್ರೆಸ್ಸಿಂಗ್, ನೋವಿಗೆ ಔಷಧ. ಕಣ್ಣಿನ ಡಾಕ್ಟರು ಶುರುವಿನಿಂದಲೇ ನೋಡಬೇಕು, ಇಲ್ಲದಿದ್ದರೆ ರೆಪ್ಪೆ ಕಣ್ಣಿಗೆ ಅಂಟಿಕೊಂಡು ದೃಷ್ಟಿಗೇ ಕುತ್ತು. ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಔಷಧ ಕೊಡುವುದುಂಟು. ಸ್ಟೆರಾಯ್ಡ್ ವಿಷಯದಲ್ಲಿ ಡಾಕ್ಟರರಲ್ಲೇ ಒಮ್ಮತವಿಲ್ಲ. ಕಾರ್ಬಮಜೆಪಿನ್ ಬಿಡಿಸಿ ಫೆನಿಟಾಯಿನ್ ಕೊಡುವುದೂ ಅಪಾಯವೇ, ಎರಡೂ ಒಂದೇ ಜಾತಿಯವು.

ಇನ್ನೊಂದು. ಚರ್ಮ ‘ಸುಲಿಯುತ್ತದೆ’ ಅನ್ನಲೋ ‘ಕಿತ್ತು ಬರುತ್ತದೆ’ ಅನ್ನಲೋ? ಬಿಸಿಲಿಗೂ ಸುಲಿಯುತ್ತದಲ್ಲ, ಅದಕ್ಕೇ ಎರಡನೆಯದು ಇಷ್ಟ. ‘ಬೊಬ್ಬೆ’ ಅಂದರೆ ಕೆಲವರಿಗೆ ಕೂಗಾಟ, ‘ಗುಳ್ಳೆ’ ಅಂದರೆ ಮೊಡವೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಏನಂತೀರಿ?

ಸದ್ಯಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ: “ಹೊಸ ಮಾತ್ರೆ ಶುರುವಾದ ಮೇಲೆ ಜ್ವರದ ಜೊತೆ ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕಲೆ ಕಂಡರೆ ಅದು ಮಾತ್ರೆಯ ಕೇಡು ಇರಬಹುದು. ಮುಂದಿನ ಮಾತ್ರೆ ನುಂಗಬೇಡಿ. ಮಾತ್ರೆಯ ಚೀಟಿ ಸಮೇತ ಆಗಲೇ ಆಸ್ಪತ್ರೆಗೆ ಹೋಗಿ, ಫಿಟ್ಸ್‌ಗೆ ಬೇರೆ ಮಾತ್ರೆ ಅಲ್ಲೇ ಕೊಡುತ್ತಾರೆ.” ‘ಕೇಡು’ ಸರಿಯೇ, ಜಾಸ್ತಿಯಾಯಿತೇ?